ಲೈಸೆನ್ಸ್ ಇದ್ದ ರಿವಾಲ್ವರ್‌ಗೂ ಕೇಸು ಯಾಕೆ? ತೋಟಾ ಬದಲಿಸುವ ಕೆಲಸದ ಹಿಂದಿನ ಲೆಕ್ಕ

'ರಿವಾಲ್ವರ್‌ಗೆ ಲೈಸೆನ್ಸ್ ಇತ್ತು, ಆದರೆ ಬೇರೆ ಬೋರ್‌ನ (ಅಂದರೆ ಬೇರೆ ಅಳತೆಯ) ಗುಂಡು ಹಾರುವಂತೆ ಮಾರ್ಪಡಿಸಲಾಗಿತ್ತು, ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲು.' ಇಂಥ ಸಾಲು ಸುದ್ದಿಯಲ್ಲಿ ಕಂಡಾಗ ಓದುಗರು ಗೊಂದಲಕ್ಕೆ ಬೀಳುವುದು ಸಹಜ. ಲೈಸೆನ್ಸ್ ಇದ್ದ ಮೇಲೆ ತಪ್ಪೇನು? ಗುಂಡು ಸ್ವಲ್ಪ ದಪ್ಪವೋ ಸಣ್ಣವೋ ಆದರೆ ಏನಾಯಿತು? ಬೈಕಿಗೆ ಬೇರೆ ಟೈರ್ ಹಾಕಿಸಿದ ಹಾಗೆ ಅಲ್ವಾ?

ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಇಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತರಿದ್ದಾರೆ. ಸೇನೆಯಿಂದ ನಿವೃತ್ತರಾದವರಿದ್ದಾರೆ. ತಾತನ ಕಾಲದ ರಿವಾಲ್ವರ್ ಬೀರುವಿನಲ್ಲಿರುವ ಮನೆಗಳೂ ಉಂಟು. ಚುನಾವಣೆ ಬಂದಾಗ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಆಗ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದಕ್ಕೂ ಕೈಯಲ್ಲಿರುವ ಆಯುಧಕ್ಕೂ ತಾಳೆ ಆಗಲೇಬೇಕು. ತಾಳೆ ಆಗದಿದ್ದರೆ ತೊಂದರೆ ಅಲ್ಲಿಂದಲೇ ಶುರು.

ನಂಬರ್ ಅಂದರೆ ಅಳತೆ ಅಲ್ಲ, ಹೆಸರು

ಗೊಂದಲದ ಬೇರು '.32', '.38', '.455' ಎನ್ನುವ ಅಂಕಿಗಳಲ್ಲಿದೆ. ಇವು ನಳಿಕೆಯ ಅಗಲವನ್ನು ಅಂಗುಲದ ಲೆಕ್ಕದಲ್ಲಿ ಹೇಳುತ್ತವೆ ಎಂದು ನಾವು ಅಂದುಕೊಳ್ಳುತ್ತೇವೆ. ಮೂಲದಲ್ಲಿ ಅದು ಸುಮಾರಾಗಿ ನಿಜ. ಆದರೆ ಕಾಲ ಹೋದಂತೆ ಈ ಅಂಕಿಗಳು ಅಳತೆಗಿಂತ ಜಾಸ್ತಿ ಹೆಸರುಗಳೇ ಆಗಿಬಿಟ್ಟವು. ಮಂಡ್ಯದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಕೊ 62175' ಅಂದರೆ ಒಂದು ಕಬ್ಬಿನ ತಳಿ, 'ಐಆರ್ 64' ಅಂದರೆ ಒಂದು ಭತ್ತ. ಆ ಅಂಕಿ ನೋಡಿ ಯಾರೂ ಕಬ್ಬಿನ ಎತ್ತರ ಲೆಕ್ಕ ಹಾಕುವುದಿಲ್ಲ.

.38ರ ಕತೆ ನೋಡಿ. '.38 ಸ್ಪೆಷಲ್' ಎನ್ನುವ ಅಮೆರಿಕದ ತೋಟಾದಲ್ಲಿ ಗುಂಡಿನ ನಿಜವಾದ ಅಗಲ .357 ಅಂಗುಲ. '.38 ಸ್ಮಿತ್ ಅಂಡ್ ವೆಸನ್' ಎನ್ನುವ ಇನ್ನೊಂದು ತೋಟಾದಲ್ಲಿ ಅದು .361 ಅಂಗುಲ. ಬ್ರಿಟಿಷ್ ಸೇನೆ ಈ ಎರಡನೆಯದರ ರೂಪವನ್ನೇ '.380' ಎಂದು ಕರೆದು ಬಳಸಿತು. ಪಿಸ್ತೂಲಿನ '.380 ಎಸಿಪಿ' (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್) ಮತ್ತೆ ಬೇರೆಯೇ ಜಾತಿ. ಹೆಸರಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಒಂದರ ಗೂಡಿನಲ್ಲಿ, ಅಂದರೆ ಆಯುಧದೊಳಗೆ ತೋಟಾ ಕೂರುವ ಜಾಗದಲ್ಲಿ, ಇನ್ನೊಂದು ಸರಿಯಾಗಿ ಕೂರುವುದಿಲ್ಲ.

ನಮ್ಮ ದೇಶದಲ್ಲಿ ಜಾಸ್ತಿ ಕೇಳಿಬರುವುದು .32. ಅದರಲ್ಲೂ ಎರಡು ಬಗೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಬಳಸುವುದು '.32 ಸ್ಮಿತ್ ಅಂಡ್ ವೆಸನ್ ಲಾಂಗ್' ಎನ್ನುವ ತೋಟಾ. 2014ರಲ್ಲಿ ಮಹಿಳೆಯರಿಗೆಂದು ಬಿಡುಗಡೆಯಾದ 'ನಿರ್ಭೀಕ್' ಕೂಡ .32 ರಿವಾಲ್ವರೇ. .32 ಪಿಸ್ತೂಲು ಬಳಸುವುದು '.32 ಎಸಿಪಿ'. ಇದನ್ನೇ 7.65 ಮಿ.ಮೀ. ಎಂದೂ ಕರೆಯುತ್ತಾರೆ. ಎರಡರ ಗುಂಡಿನ ಅಗಲ ಹೆಚ್ಚುಕಡಿಮೆ ಒಂದೇ. ಕೆಲವು ರಿವಾಲ್ವರ್‌ಗಳ ಗೂಡಿನಲ್ಲಿ ಪಿಸ್ತೂಲಿನ ತೋಟಾ ಕೂತೂ ಬಿಡುತ್ತದೆ. ಅಪಾಯ ಇರುವುದು ಅಲ್ಲೇ. ಅಮೆರಿಕದ ಕೈಗಾರಿಕಾ ಮಾನದಂಡದ ಪ್ರಕಾರ ರಿವಾಲ್ವರ್‌ನ ತೋಟಾಕ್ಕೆ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 15,000 ಪೌಂಡ್. ಪಿಸ್ತೂಲಿನದಕ್ಕೆ 20,500. ಅಂದರೆ ರಿವಾಲ್ವರ್‌ನದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಜಾಸ್ತಿ. ಅಳತೆ ಸರಿ ಇದೆ ಎಂದು ಕಣ್ಣು ಹೇಳುತ್ತದೆ, ಒಳಗಿನ ಲೋಹ ಬೇರೆಯೇ ಹೇಳುತ್ತದೆ.

ರಿವಾಲ್ವರ್ ಒಳಗೆ ಏನಾಗುತ್ತದೆ

ತೋಟಾ ಎಂದರೆ ಗುಂಡು ಮಾತ್ರ ಅಲ್ಲ. ಹಿತ್ತಾಳೆಯ ಚಿಪ್ಪು, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು, ಇಷ್ಟೂ ಸೇರಿ ಒಂದು ತೋಟಾ. ರಿವಾಲ್ವರ್‌ನಲ್ಲಿ ಈ ತೋಟಾ ಸುತ್ತುವ ಸಿಲಿಂಡರ್‌ನ ಒಂದು ಗೂಡಿನಲ್ಲಿ ಕೂರುತ್ತದೆ. ಚಿಪ್ಪಿನ ತಳದ ಅಂಚು ಅದನ್ನು ಜಾರದಂತೆ ಹಿಡಿಯುತ್ತದೆ. ಮದ್ದು ಉರಿದಾಗ ಹುಟ್ಟುವ ಅನಿಲ ಎಲ್ಲಾ ದಿಕ್ಕಿಗೂ ಒತ್ತುತ್ತದೆ. ಆಗ ಚಿಪ್ಪು ಉಬ್ಬಿ ಗೂಡಿನ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆ ಬಿಗಿಯಿಂದಲೇ ಅನಿಲ ಹಿಂದಕ್ಕೆ, ಅಂದರೆ ಗುಂಡು ಹಾರಿಸುವವರ ಮುಖದ ಕಡೆಗೆ, ಬರುವುದಿಲ್ಲ.

ಗೂಡು ಚಿಪ್ಪಿಗಿಂತ ಅಗಲವಾಗಿದ್ದರೆ ಚಿಪ್ಪು ತನ್ನ ಶಕ್ತಿ ಮೀರಿ ಉಬ್ಬಬೇಕಾಗುತ್ತದೆ. ಹಿತ್ತಾಳೆ ಎಷ್ಟು ಹಿಗ್ಗೀತು? ಒಂದು ಮಿತಿ ದಾಟಿದರೆ ಸೀಳುತ್ತದೆ. ಸೀಳಿದರೆ ಅನಿಲ ಹಿಂದಕ್ಕೆ ನುಗ್ಗುತ್ತದೆ.

ಇನ್ನು ಗುಂಡು. ನಳಿಕೆಯ ಒಳಗೆ ಸುರುಳಿ ಗೀರುಗಳಿವೆ. ಗುಂಡು ಅವುಗಳನ್ನು ಕಚ್ಚಿಕೊಂಡು ತಿರುಗುತ್ತಾ ಹೊರಬರಬೇಕು. ತಿರುಗಿದರೆ ಮಾತ್ರ ನೇರ ಹೋಗುತ್ತದೆ, ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುವ ಹಾಗೆ. ನಳಿಕೆಗಿಂತ ಗುಂಡು ಸಣ್ಣದಾದರೆ ಗೀರು ಹಿಡಿತಕ್ಕೆ ಸಿಗುವುದಿಲ್ಲ. ಗುಂಡು ಗಾಳಿಯಲ್ಲಿ ಲಾಗ ಹಾಕುತ್ತಾ ಹೋಗುತ್ತದೆ, ಎಲ್ಲಿ ಬೀಳುತ್ತದೆಂದು ಹೇಳಲಾಗದು. ದೊಡ್ಡದಾದರೆ ನಳಿಕೆಯ ಬಾಯಲ್ಲಿ ಸಿಕ್ಕಿಕೊಂಡಂತಾಗಿ ಹಿಂದಿನ ಒತ್ತಡ ಒಮ್ಮೆಗೇ ಏರುತ್ತದೆ.

ಈ ಎರಡೂ ಕಷ್ಟವನ್ನು ಇತಿಹಾಸವೇ ತೋರಿಸಿಕೊಟ್ಟಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆಂದು ಸ್ಮಿತ್ ಅಂಡ್ ವೆಸನ್ ಕಂಪನಿ .38 ರಿವಾಲ್ವರ್‌ಗಳನ್ನು ಭಾರೀ ಸಂಖ್ಯೆಯಲ್ಲಿ ಮಾಡಿಕೊಟ್ಟಿತು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಸಾಕಷ್ಟು ಅಮೆರಿಕದ ಮಾರುಕಟ್ಟೆಗೆ ಮರಳಿದವು. ಅಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು .38 ಸ್ಪೆಷಲ್. ವ್ಯಾಪಾರಿಗಳು ಗೂಡುಗಳನ್ನು ಉದ್ದ ಮಾಡಿಸಿ ಮಾರಿದರು. ಆದರೆ ಮೊದಲಿನ ಗೂಡಿನ ತಳ .38 ಸ್ಪೆಷಲ್‌ನ ಚಿಪ್ಪಿಗಿಂತ ಅಗಲ. ಲೋಹವನ್ನು ಕೊರೆದು ತೆಗೆಯಬಹುದು, ಮತ್ತೆ ತುಂಬಲು ಆಗುವುದಿಲ್ಲವಲ್ಲ. ಚಿಪ್ಪುಗಳು ತಳದಲ್ಲಿ ಉಬ್ಬಿದವು, ಎಷ್ಟೋ ಸೀಳಿದವು. ಗುಂಡು ಸಣ್ಣದಾದ್ದರಿಂದ ಗುರಿಯೂ ಕೆಟ್ಟಿತು. ಇಂದಿಗೂ ಹಳೆಯ ಆಯುಧ ಸಂಗ್ರಹಿಸುವವರು ಅಂಥ ರಿವಾಲ್ವರ್ ಕಂಡರೆ ಬೆಲೆ ಇಳಿಸಿಯೇ ಮಾತಾಡುತ್ತಾರೆ.

ವೆಬ್ಲಿ ಎನ್ನುವ ಬ್ರಿಟಿಷ್ ರಿವಾಲ್ವರ್‌ನ ಕತೆ ಇನ್ನೂ ಗಂಭೀರ. 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ ವೆಬ್ಲಿ ಮಾರ್ಕ್ 6 ಎನ್ನುವ .455 ರಿವಾಲ್ವರ್ ಬಹಳ ಹೆಸರು ಮಾಡಿತು. ಅಮೆರಿಕದಲ್ಲಿ ಇದರ ಸಿಲಿಂಡರನ್ನು ಬದಲಿಸಿ .45 ಎಸಿಪಿ ಹಾರುವಂತೆ ಮಾಡಿ ಮಾರಿದರು. .455ರ ಒತ್ತಡ ಚದರ ಅಂಗುಲಕ್ಕೆ ಸುಮಾರು 13,000 ಪೌಂಡ್. .45 ಎಸಿಪಿಯದು 21,000. ಗಟ್ಟಿಮುಟ್ಟು ಆಯುಧವಾದ್ದರಿಂದ ಬಹಳಷ್ಟು ಸಲ ಏನೂ ಆಗಲಿಲ್ಲ. ಸಿಲಿಂಡರ್ ಬಿರಿದದ್ದೂ ಉಂಟು. ಇದರಲ್ಲಿ ಒಂದು ಮಾತು ಗಮನಿಸಬೇಕು. 'ಹತ್ತು ಗುಂಡು ಹಾರಿಸಿದ್ದೇವೆ, ಏನೂ ಆಗಿಲ್ಲ' ಎನ್ನುವುದು ಸುರಕ್ಷತೆಗೆ ಸಾಕ್ಷಿ ಅಲ್ಲ. ಮಿತಿ ಮೀರಿದ ಒತ್ತಡ ಬಿದ್ದಾಗಲೆಲ್ಲ ಲೋಹ ಒಳಗೊಳಗೇ ದಣಿಯುತ್ತದೆ, ಕಣ್ಣಿಗೆ ಕಾಣದ ಬಿರುಕು ಒಂದೊಂದು ಎಳೆ ಬೆಳೆಯುತ್ತದೆ. ಹನ್ನೊಂದನೆಯದಕ್ಕೆ ಒಡೆಯಬಹುದು, ನೂರನೆಯದಕ್ಕೂ ಒಡೆಯಬಹುದು.

ಹಾಗಾದರೆ ಮಾರ್ಪಾಡು ಎಂದೂ ಸರಿಯಾಗಿ ನಡೆದೇ ಇಲ್ಲವೇ?

ನಡೆದಿದೆ. ಲೋಹದ ತೋಟಾ ಬರುವ ಮೊದಲು ರಿವಾಲ್ವರ್‌ಗಳಿಗೆ ಮದ್ದು, ಗುಂಡು ಬೇರೆಬೇರೆ ತುಂಬುತ್ತಿದ್ದರು. ಹಿಂದಿನಿಂದ ತೋಟಾ ತುಂಬುವ, ಪೂರ್ತಿ ಕೊರೆದ ಸಿಲಿಂಡರ್‌ನ ಪೇಟೆಂಟ್ 1855ರಿಂದ ರೋಲಿನ್ ವೈಟ್ ಎಂಬವರ ಹೆಸರಲ್ಲಿತ್ತು, ಅದರ ಲಾಭ ಸ್ಮಿತ್ ಅಂಡ್ ವೆಸನ್‌ಗೆ ಸಿಗುತ್ತಿತ್ತು. 1869ರಲ್ಲಿ ಅದರ ಅವಧಿ ಮುಗಿಯಿತು. ಆಮೇಲೆ ಕೋಲ್ಟ್ ಕಂಪನಿ ತನ್ನ ಹಳೆಯ ಮಾದರಿಗಳನ್ನು ತೋಟಾ ಹಾರಿಸುವಂತೆ ತಾನೇ ಮಾರ್ಪಡಿಸಿ ಮಾರಿತು. ಇಲ್ಲಿ ವ್ಯತ್ಯಾಸ ಏನು? ಉಕ್ಕು ಯಾವುದೆಂದು ಗೊತ್ತಿದ್ದ, ಮೂಲ ನಕ್ಷೆ ಕೈಯಲ್ಲಿದ್ದ ಕಾರ್ಖಾನೆಯೇ ಆ ಕೆಲಸ ಮಾಡಿತು. ಹೊಸ ತೋಟಾದ ಒತ್ತಡವೂ ಆ ಆಯುಧದ ಶಕ್ತಿಯೊಳಗೇ ಇತ್ತು.

ತೋಟಾ ಮಾಡುವವರೂ ಇದೇ ಎಚ್ಚರ ವಹಿಸಿದ ಉದಾಹರಣೆ ಇದೆ. 1935ರಲ್ಲಿ .357 ಮ್ಯಾಗ್ನಂ ಬಂತು. ಅದರ ಗುಂಡಿನ ಅಗಲ .38 ಸ್ಪೆಷಲ್‌ನಷ್ಟೇ, ಆದರೆ ಇಂದಿನ ಮಾನದಂಡದಲ್ಲಿ ಒತ್ತಡ ದುಪ್ಪಟ್ಟು: 17,000 ಎಲ್ಲಿ, 35,000 ಎಲ್ಲಿ! ಹಾಗಾಗಿ ಬೇಕೆಂದೇ ಚಿಪ್ಪನ್ನು ಅಂಗುಲದ ಎಂಟನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಉದ್ದ ಮಾಡಿದರು. ಹಳೆಯ, ಕಡಿಮೆ ಶಕ್ತಿಯ ರಿವಾಲ್ವರ್‌ಗೆ ಅದು ತೂರಬಾರದು ಎನ್ನುವುದು ಲೆಕ್ಕ. .357ರ ಉದ್ದ ಗೂಡಿನಲ್ಲಿ .38 ಸ್ಪೆಷಲ್ ಹಾರಬಹುದು, .38 ಸ್ಪೆಷಲ್‌ನ ಗೂಡಿನಲ್ಲಿ .357 ಕೂರದು. ಗೂಡನ್ನು ಲೇತ್ ಮೇಲಿಟ್ಟು ಕೊರೆಯುವವರು ತೆಗೆದುಹಾಕುವುದು ಈ ಕಾವಲನ್ನೇ.

ನಮ್ಮ ಕಾನೂನು ತೋಟಾಕ್ಕೆ ಇಷ್ಟು ಮಹತ್ವ ಕೊಟ್ಟದ್ದು ಯಾಕೆ

ಇದು ಬ್ರಿಟಿಷರ ಕಾಲದಿಂದ ಬಂದ ಎಣಿಕೆ. ಸೈನ್ಯದ ತೋಟಾ ಜನರ ಕೋವಿಗೆ ಹೊಂದಬಾರದು. ಹೊಂದಿದರೆ ಸೈನ್ಯದ ಉಗ್ರಾಣದಿಂದ ಕದ್ದ ಮದ್ದುಗುಂಡು ಹೊರಗೆ ಬಳಕೆಯಾಗುತ್ತದೆ ಎಂಬ ಭಯ. 1907ರ ಹೊತ್ತಿಗೆ ಭಾರತದಲ್ಲಿ .450 ತೋಟಾಗಳಿಗೆ ನಿಷೇಧ ಬಂತು. ಲಂಡನ್ನಿನ ಕೋವಿ ತಯಾರಕರು ಕೂಡಲೇ .465, .470ರಂಥ ಹೊಸ ಅಳತೆಗಳನ್ನು ಹುಟ್ಟಿಸಿದರು. ಸೇನೆಯ .303 ರೈಫಲ್ ನಾಗರಿಕರಿಗೆ ಸಿಗದೆ ಹೋದಾಗ ಅದೇ ಮಾದರಿಯ ಕೋವಿ .315 ಎಂಬ ಬೇರೆ ತೋಟಾಕ್ಕೆ ತಯಾರಾಯಿತು. ಇಂದಿಗೂ ನಮ್ಮ ಸರ್ಕಾರಿ ಕಾರ್ಖಾನೆಯ ಸ್ಪೋರ್ಟಿಂಗ್ ರೈಫಲ್ .315ದೇ.

ಸ್ವಾತಂತ್ರ್ಯ ಬಂದ ಮೇಲೂ ಈ ಗೆರೆ ಉಳಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳಲ್ಲಿ 'ನಿಷೇಧಿತ ಬೋರ್', 'ನಿಷೇಧವಲ್ಲದ ಬೋರ್' ಎಂಬ ಎರಡು ಬಗೆ ನಡೆದುಬಂದಿದೆ. .380, .455 ಅಂಚಿನ ತೋಟಾ ಮತ್ತು 9 ಮಿ.ಮೀ. ಅಂಚಿಲ್ಲದ ತೋಟಾ ಹಾರಿಸುವ ಪಿಸ್ತೂಲು, ರಿವಾಲ್ವರ್‌ಗಳು ನಿಷೇಧಿತ ಸಾಲಿನಲ್ಲಿವೆ. ನಿಯಮದ ಪಟ್ಟಿಯಲ್ಲಿ ಇದರ ಜೊತೆಗೆ ಇನ್ನೊಂದು ಮಾತಿದೆ, ಇಡೀ ಗೊಂದಲಕ್ಕೆ ಉತ್ತರ ಅದರಲ್ಲೇ ಇದೆ: ಈ ತೋಟಾಗಳು ಕೂತು ಹಾರಬಲ್ಲ 'ಬೇರೆ ಯಾವುದೇ ಬೋರ್' ಕೂಡ ಅದೇ ಸಾಲಿಗೆ ಸೇರುತ್ತದೆ.

ಅಂದರೆ ಆಯುಧದ ಮೈಮೇಲೆ ಏನು ಕೊರೆದಿದೆ ಎನ್ನುವುದಷ್ಟೇ ಮುಖ್ಯವಲ್ಲ. ಒಳಗೆ ಏನು ಕೂರುತ್ತದೆ, ಏನು ಹಾರುತ್ತದೆ ಎಂಬುದೂ ಅಷ್ಟೇ ಮುಖ್ಯ. .32 ಎಂದು ಲೈಸೆನ್ಸ್ ಪಡೆದ ರಿವಾಲ್ವರನ್ನು 9 ಮಿ.ಮೀ. ಹಾರುವಂತೆ ಮಾಡಿಸಿದರೆ ಆ ಕ್ಷಣಕ್ಕೆ ಅದು ಬೇರೆ ವರ್ಗದ ಆಯುಧ. ನಿಷೇಧವಲ್ಲದ ಬೋರ್‌ಗೆ ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರ್, ಮೈಸೂರು ಗ್ರಾಮಾಂತರ ಮತ್ತು ಮಂಡ್ಯದಲ್ಲಿ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುತ್ತಾರೆ. ನಿಷೇಧಿತ ಬೋರ್‌ಗೆ ಕೇಂದ್ರ ಗೃಹ ಇಲಾಖೆಯೇ ಒಪ್ಪಬೇಕು. ಹಾಗಾಗಿ ಮಾರ್ಪಾಡಾದ ಆಯುಧಕ್ಕೆ ಹಳೆಯ ಲೈಸೆನ್ಸ್ ರಕ್ಷಣೆ ಆಗುವುದಿಲ್ಲ.

.32ರ ಗುಂಪಿನೊಳಗೇ ಬದಲಿಸಿದರೆ? ಒಂದು ನಿಷೇಧವಲ್ಲದ ಬೋರ್‌ನಿಂದ ಇನ್ನೊಂದಕ್ಕೆ ಹೋದರೆ? ಅಲ್ಲೂ ದಾರಿ ಸಲೀಸಲ್ಲ. ಕಾಯ್ದೆಯ ಸೆಕ್ಷನ್ 5 ಆಯುಧ ತಯಾರಿಸುವುದನ್ನು, ಮಾರುವುದನ್ನು, ದುರಸ್ತಿ ಮಾಡುವುದನ್ನು ಹೇಳುವಾಗಲೇ ಮಾರ್ಪಡಿಸುವುದನ್ನೂ ಹೆಸರಿಸಿ ಹೇಳುತ್ತದೆ. ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಬದಲಿಸುವ ಲೈಸೆನ್ಸ್ ಬೇರೆ. 2019ರ ತಿದ್ದುಪಡಿ ಸೆಕ್ಷನ್ 6ನ್ನೂ ಬಿಗಿ ಮಾಡಿತು. ಮೊದಲು ಅಲ್ಲಿ ನಳಿಕೆ ಕತ್ತರಿಸುವುದು, ಆಟಿಕೆಯಂಥ ಆಯುಧವನ್ನು ನಿಜವಾದದ್ದಾಗಿ ಮಾಡುವುದು ಮಾತ್ರ ಇತ್ತು. ಈಗ ಒಂದು ವರ್ಗದ ಆಯುಧವನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದೂ ಸೇರಿದೆ.

ಶಿಕ್ಷೆ ಸಣ್ಣದಲ್ಲ. ಲೈಸೆನ್ಸ್ ಇಲ್ಲದೆ ಮಾರ್ಪಡಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ನಿಷೇಧಿತ ಆಯುಧ ಇಟ್ಟುಕೊಂಡರೆ 7ರಿಂದ 14 ವರ್ಷ. ಕೆಲಸ ಮಾಡಿಕೊಟ್ಟ ಲೇತ್ ಅಂಗಡಿಯವರಿಗೂ ಇದು ಅಷ್ಟೇ ಅನ್ವಯ. 'ಗಿರಾಕಿ ಲೈಸೆನ್ಸ್ ತೋರಿಸಿದರು, ಮಾಡಿಕೊಟ್ಟೆ' ಎನ್ನುವುದು ಉತ್ತರವಾಗದು. ಈ ಸಂಗತಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್‌ಗಳವರಿಗೆ ಎಷ್ಟು ಬೇಗ ತಲುಪಿದರೆ ಅಷ್ಟು ಒಳ್ಳೆಯದು.

ಕೊಡಗಿನ ವಿನಾಯಿತಿಯನ್ನು ಹುಣಸೂರು, ಪಿರಿಯಾಪಟ್ಟಣದ ಕಡೆ ಆಗಾಗ ಇದರ ಜೊತೆ ಸೇರಿಸಿ ಮಾತಾಡುತ್ತಾರೆ. ಅದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಒಂದು ರೈಫಲ್ ಅಥವಾ ಒಂದು ಕೋವಿ ಇಟ್ಟುಕೊಳ್ಳಲು ಇರುವ ಅವಕಾಶ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ರಿವಾಲ್ವರ್ ಅದರಲ್ಲಿಲ್ಲ. ಮಾರ್ಪಾಡಿಗೂ ಅದಕ್ಕೂ ಸಂಬಂಧವಿಲ್ಲ.

ಎರಡೂ ಕಡೆಯ ವಾದ

ಆಯುಧ ಇಟ್ಟುಕೊಂಡವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಳೆಯ ರಿವಾಲ್ವರ್‌ಗೆ ತೋಟಾ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕರೂ ದುಬಾರಿ. ಆಯುಧ ಮಾತ್ರ ಗಟ್ಟಿಯಾಗಿದೆ, ಮನೆತನದ ನೆನಪೂ ಹೌದು. ಸುಲಭವಾಗಿ ಸಿಗುವ .32ಕ್ಕೆ ಅದನ್ನು ಹೊಂದಿಸಿಕೊಂಡು, ನಿಷೇಧಿತ ಬೋರ್‌ನಿಂದ ನಿಷೇಧವಲ್ಲದ ಬೋರ್‌ಗೆ ಇಳಿಸಿದರೆ ಸರ್ಕಾರಕ್ಕೇ ಒಳ್ಳೆಯದಲ್ಲವೇ ಎಂದು ಅವರು ಕೇಳುತ್ತಾರೆ. ಕ್ರೀಡೆಗೆ ಶೂಟಿಂಗ್ ಮಾಡುವವರು ಇನ್ನೊಂದು ಮಾತು ಸೇರಿಸುತ್ತಾರೆ: ಒಂದೇ ಪಿಸ್ತೂಲಿಗೆ .22 ಮತ್ತು .32 ಎರಡಕ್ಕೂ ಬದಲಿ ಭಾಗ ಮಾಡಿಕೊಡುವ ಹೊರದೇಶದ ಕಾರ್ಖಾನೆಗಳಿವೆ, ಹಾಗಾದರೆ ಮಾರ್ಪಾಡು ಎಂದರೆ ಎಲ್ಲವೂ ಅಪಾಯವೇ?

ಪೊಲೀಸರು, ಅಪರಾಧ ವಿಜ್ಞಾನದವರು ಬೇರೆ ಕಡೆಯಿಂದ ನೋಡುತ್ತಾರೆ. ಒಂದು ಗುಂಡು ಸಿಕ್ಕರೆ ಅದರ ಮೇಲಿನ ಗೀರುಗಳ ಸಂಖ್ಯೆ, ಅಗಲ, ತಿರುವು ನೋಡಿ ಅದು ಯಾವ ಬಗೆಯ ಆಯುಧದಿಂದ ಬಂತೆಂದು ಅಂದಾಜು ಮಾಡುತ್ತಾರೆ. .32 ಗುಂಡು .38ರ ನಳಿಕೆಯಿಂದ ಬಂದಿದ್ದರೆ ಆ ಲೆಕ್ಕವೇ ದಾರಿ ತಪ್ಪುತ್ತದೆ. ಲೈಸೆನ್ಸ್ ಪುಸ್ತಕದಲ್ಲಿ ಬೋರ್, ನಂಬರ್ ಬರೆದಿಡುವುದು, ಅಂಗಡಿಯವರು ತೋಟಾ ಮಾರಿದಾಗ ಅದರಲ್ಲೇ ದಾಖಲಿಸುವುದು, ಇವೆಲ್ಲ ನಿಂತಿರುವುದು 'ಬರೆದದ್ದೂ ಇರುವುದೂ ಒಂದೇ' ಎಂಬ ನಂಬಿಕೆ ಮೇಲೆ. ಒಂದು ಕಡೆ ಸಡಿಲವಾದರೆ ಕೊಂಡಿಯೇ ಕಳಚುತ್ತದೆ.

ಈ ಎರಡರಲ್ಲಿ ಪೊಲೀಸರ ವಾದವೇ ಗಟ್ಟಿ ಎಂದು ನನ್ನ ಅನಿಸಿಕೆ. ಕಾರಣ ಕಾನೂನಿನದ್ದಷ್ಟೇ ಅಲ್ಲ, ಲೋಹದ್ದೂ ಹೌದು. .455ರ ಅಗಲ ಗೂಡನ್ನು .32ಕ್ಕೆ ಇಳಿಸುವುದು ಕೊರೆಯುವ ಕೆಲಸ ಅಲ್ಲ. ಸಿಲಿಂಡರ್, ನಳಿಕೆ ಎರಡನ್ನೂ ಹೊಸದಾಗಿ ಮಾಡಿದಂತೆಯೇ. ಅಷ್ಟಾದ ಮೇಲೆ ತಾತನ ರಿವಾಲ್ವರ್ ಎನ್ನಲು ಹಿಡಿಕೆ, ಚೌಕಟ್ಟು ಬಿಟ್ಟರೆ ಏನು ಉಳಿಯುತ್ತದೆ? ಕಾರ್ಖಾನೆಯ ಬದಲಿ ಭಾಗದ ವಿಷಯವೂ ಬೇರೆ. ಅದನ್ನು ತಯಾರಕರೇ ಪರೀಕ್ಷಿಸಿ ಕೊಟ್ಟಿರುತ್ತಾರೆ. ಹೊಸ ಆಯುಧಕ್ಕೆ ಮಾಮೂಲಿಗಿಂತ ಜೋರಾದ ತೋಟಾ ಹಾರಿಸಿ ನೋಡುವ 'ಪ್ರೂಫ್' ಪರೀಕ್ಷೆ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದಲೂ ಅದಕ್ಕೆಂದೇ ಒಂದು ಸಂಸ್ಥೆ ನಡೆಯುತ್ತಿದೆ. ಬೀದಿಬದಿಯ ಲೇತ್‌ನಲ್ಲಿ ಅಂಥ ಪರೀಕ್ಷೆ ಸಾಧ್ಯವಿಲ್ಲ. ಅಲ್ಲಿ ಮೊದಲ ಪರೀಕ್ಷೆ ನಡೆಯುವುದು ಮಾಲೀಕರ ಕೈಯಲ್ಲೇ.

ಬೀರುವಿನಲ್ಲಿರುವ .455ಕ್ಕೆ ಏನು ದಾರಿ

ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡರೆ ಮನೆಯವರ ಬಳಿ ಇರುವ ಆಯುಧಕ್ಕೆ ಆ ಲೈಸೆನ್ಸ್ ನೆರಳಾಗುವುದಿಲ್ಲ. ಸೆಕ್ಷನ್ 21ರ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಗೆ ಒಪ್ಪಿಸಬೇಕು. ಗೋಡೆಗೆ ನೇತುಹಾಕಿದ ಹಳೆಯ ವಸ್ತು ಎಂದು ಸುಮ್ನೆ ಬಿಡುವಂತಿಲ್ಲ. ಕಾಯ್ದೆ ಹಳೆಯ ಮಾದರಿಗೆ, ಪ್ರಾಚ್ಯ ವಸ್ತುವಿಗೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ದುರಸ್ತಿ ಮಾಡಿದರೂ ಹಾರಿಸಲಾಗದಂಥದ್ದಕ್ಕೆ ಮಾತ್ರ. ಎಣ್ಣೆ ಹಾಕಿ ಒರೆಸಿಟ್ಟ ವೆಬ್ಲಿ ಅದರಲ್ಲಿ ಬರುವುದಿಲ್ಲ.

ಉಳಿಸಿಕೊಳ್ಳಬೇಕೆಂದರೆ ವಾರಸುದಾರರು 2016ರ ನಿಯಮಗಳಲ್ಲಿ ನಿಯಮ 25ರಡಿ ಅರ್ಜಿ ಹಾಕಬಹುದು. ಲೈಸೆನ್ಸ್ ಇದ್ದವರು ಬದುಕಿರುವಾಗಲೂ ಇದಕ್ಕೆ ದಾರಿ ಇದೆ: ಅವರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧ ಪಡೆದು 25 ವರ್ಷವಾದಾಗ, ಯಾವುದು ಮೊದಲೋ ಅದರಂತೆ, ವಾರಸುದಾರರೊಬ್ಬರನ್ನು ಹೆಸರಿಸಬಹುದು. ಆದರೆ 2019ರ ನಂತರ ಒಬ್ಬರ ಬಳಿ ಒಟ್ಟು ಎರಡೇ ಆಯುಧ ಇರಬಹುದು. ಮೊದಲು ಮೂರಕ್ಕೆ ಅವಕಾಶವಿತ್ತು. ವಂಶದಿಂದ ಬಂದದ್ದೂ ಈ ಎರಡರೊಳಗೇ ಎಣಿಕೆಯಾಗುತ್ತದೆ. .455 ನಿಷೇಧಿತ ಬೋರ್ ಆದ್ದರಿಂದ ಕಡತ ದೆಹಲಿಯವರೆಗೂ ಹೋಗಬೇಕು.

ಠಾಣೆಗೆ ಒಪ್ಪಿಸಿದರೆ ಆಯುಧ ಹೋಯಿತೆಂದೇ ಬಹಳ ಮನೆಯವರು ಹೆದರುತ್ತಾರೆ. ಇಟ್ಟುಕೊಳ್ಳುವುದೂ ಬೇಡ, ಒಪ್ಪಿಸುವುದೂ ಬೇಡ ಎಂದು ಲೇತ್ ಅಂಗಡಿಯ ದಾರಿ ಹಿಡಿಯುವುದಕ್ಕೆ ಈ ಹೆದರಿಕೆಯೂ ಒಂದು ಕಾರಣ. ಕಾನೂನು ಹಾಗೆ ಹೇಳುವುದಿಲ್ಲ. ನಿಗದಿತ ಅವಧಿಯೊಳಗೆ ಲೈಸೆನ್ಸ್ ಸಿಕ್ಕರೆ ಆಯುಧ ವಾಪಸ್ ಪಡೆಯಬಹುದು. ಅಷ್ಟರೊಳಗೆ ಅರ್ಹರಿಗೆ ಮಾರಿದರೆ ಆ ಹಣ ಒಪ್ಪಿಸಿದವರಿಗೇ ಸೇರುತ್ತದೆ. ಆ ಅವಧಿ ಮೀರಿದರೆ ಮಾತ್ರ ಅದು ಸರ್ಕಾರದ ಪಾಲು. ಹಾಗಾಗಿ ಒಪ್ಪಿಸುವ ದಿನವೇ ಆಯುಧದ ನಂಬರ್, ಬೋರ್, ತೋಟಾಗಳ ಲೆಕ್ಕ ನಮೂದಿಸಿದ ರಸೀದಿ ಪಡೆದು, ಎಷ್ಟು ದಿನದೊಳಗೆ ಅರ್ಜಿ ಹಾಕಬೇಕೆಂದು ಅಲ್ಲೇ ಕೇಳಿಕೊಳ್ಳಬೇಕು.